ಲಾರಿಯ ಹಗುರ ಗಾಲಿ

ಅವಳ ಗಂಡನನ್ನು ಸೈಕಲ್ ಗೆಳೆಯರೆಲ್ಲ ಲಾರಿ ಎಂದು ಕರೆಯುತ್ತಿದ್ದರು. ತೊಂಬತ್ತೆರಡು ಕಿಲೋ ತೂಗುವ ಆಳು. ರಜೆಯ ದಿನ ಬೆಳಿಗ್ಗೆ ಬಿಗಿ ಚಡ್ಡಿ ಹಾಕಿಕೊಂಡು, ಸೈಕಲ್ಲನ್ನು ಹೆಗಲಿಗೇರಿಸಿ ಮೂರನೇ ಮಹಡಿಯಿಂದ ಇಳಿದರೆ ಮೆಟ್ಟಿಲ ಪಕ್ಕದ ಕಂಬಿ ಅದುರುತ್ತಿತ್ತು. ಊರಿನ ಲಿಫ್ಟುಗಳನ್ನು ರಿಪೇರಿ ಮಾಡುವುದು ಅವನ ಕೆಲಸ, ಅವನಿದ್ದ ಕಟ್ಟಡಕ್ಕೆ ಮಾತ್ರ ಲಿಫ್ಟಿರಲಿಲ್ಲ. ಇದನ್ನು ಬಂದವರಿಗೆಲ್ಲ ತಾನೇ ಹೇಳಿ, ಅವರು ನಗುವುದಕ್ಕೆ ಮೊದಲೇ ತಾನು ನಗುತ್ತಿದ್ದ.

ಹೊಟ್ಟೆಯ ಕ್ಯಾನ್ಸರ್ ಆ ಮೈಯನ್ನು ಒಂದು ವರ್ಷದಲ್ಲಿ ತಿಂದು ಹಾಕಿತು. ಆಪರೇಶನ್ ಆಯಿತು, ಔಷಧಿ ಆಯಿತು, ಕೊನೆಗೆ ಡಾಕ್ಟರು, "ಇನ್ನು ಮನೇಲೇ ಚೆನ್ನಾಗಿ ನೋಡ್ಕೊಳ್ಳಿ" ಎಂದರು. ಆ ಮಾತಿನ ಅರ್ಥ ಇಬ್ಬರಿಗೂ ಆಯಿತು. ಅವಳು ಆಸ್ಪತ್ರೆಯ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಕಣ್ಣೊರೆಸಿಕೊಂಡು ಹೊರಗೆ ಬಂದರೆ ಗಂಡ ಬೆಂಚಿನ ಮೇಲೆ ಕೂತು ಮೊಬೈಲಿನಲ್ಲಿ ಸೈಕಲ್ ಗಾಲಿ ನೋಡುತ್ತಿದ್ದ.

ಕಾಯಿಲೆಗೆ ಮುಂಚೆಯೇ ಅವನ ಸೈಕಲಿನ ಹಿಂದಿನ ಗಾಲಿ ಬಿರುಕು ಬಿಟ್ಟಿತ್ತು. ಹೊಸ ಜೋಡಿಗೆಂದು ಓವರ್‌ಟೈಮಿನ ದುಡ್ಡು ಎತ್ತಿಟ್ಟಿದ್ದ. ಬಹಳವೇನಲ್ಲ. ದುಬಾರಿ ಕಾರ್ಬನ್ ಗಾಲಿಗಳನ್ನು ಗಾಜಿನ ಈಚೆಯಿಂದ ನೋಡಿ ನಿಟ್ಟುಸಿರು ಬಿಟ್ಟು ಬರುವವರ ಬಜೆಟ್ಟು ಅದು. ಔಷಧಿಗೆಂದು ಮನೆಯಲ್ಲಿ ಏನೇನೋ ಮಾರಿದರೂ ಅವಳು ಆ ದುಡ್ಡಿಗೆ ಕೈ ಹಾಕಿರಲಿಲ್ಲ.

ಈಗ ಮಲಗಿದಲ್ಲಿಂದಲೇ ಅವಳಿಗೆ ಪಾಠ ಶುರುವಾಯಿತು. ಪರದೆ ಹೊಲಿಯುವ ಅಂಗಡಿಯಿಂದ ಸೊಂಟ ಹಿಡಿದುಕೊಂಡು ಬಂದವಳಿಗೆ ಗಂಡ ರಿಮ್ಮಿನ ವಿಚಾರ ಹೇಳುತ್ತಿದ್ದ. ರಿಮ್ಮಿನ ಪಟ್ಟಿ ಎತ್ತರವಿದ್ದರೆ ಸಮತಟ್ಟು ರಸ್ತೆಯಲ್ಲಿ ಓಟ ಚೆನ್ನ, ಆದರೆ ಅಡ್ಡಗಾಳಿ ಬೀಸಿದರೆ ಹ್ಯಾಂಡಲ್ ಕೈ ತಪ್ಪುತ್ತದೆ. ತೀರ ಗಿಡ್ಡವಾದರೆ ಏರಿಗೆ ಸರಿ, ಉಳಿದದ್ದಕ್ಕೆ ಸಪ್ಪೆ. ಅಲ್ಯೂಮಿನಿಯಂ ರಿಮ್ಮು, ನಡುಮಟ್ಟದ ಎತ್ತರ, ಮುಂದೆ ಇಪ್ಪತ್ತು ಕಡ್ಡಿ, ಹಿಂದೆ ಇಪ್ಪತ್ತನಾಲ್ಕು: ಏರು, ಇಳಿಜಾರು, ಹಾಳು ರಸ್ತೆ, ಎಲ್ಲದಕ್ಕೂ ಆಗುವ ಗಾಲಿ ಎಂದರೆ ಅದೇ. ಬೆಲೆಯೂ ಕೈಗೆಟುಕುವಂಥದ್ದು. ಇಷ್ಟು ವರ್ಷ ಅವನು ಅದನ್ನು ಕೊಳ್ಳದೆ ಇದ್ದುದಕ್ಕೆ ಒಂದೇ ಕಾರಣ. ಸವಾರನ ತೂಕ ಎಂಬತ್ತೈದು ದಾಟಬಾರದು. ದಾಟಿದರೆ ಹಿಂದಿನ ಕಡ್ಡಿಗಳು ಒಂದೊಂದಾಗಿ ತುಂಡಾಗುತ್ತವೆ. ಲಾರಿಗೆ ಮೂವತ್ತೆರಡು ಕಡ್ಡಿಯ ಭಾರದ ಗಾಲಿಯೇ ಗತಿಯಾಗಿತ್ತು.

"ಜೀವನದಲ್ಲಿ ಮೊದಲ್ನೇ ಸಲ ಆ ಗಾಲಿಗೆ ಲಾಯಕ್ಕಾಗಿದೀನಿ ನೋಡು" ಎಂದ.

ಅವಳು ನಗಲಿಲ್ಲ. ಅವನೇ ನಕ್ಕ, ನಕ್ಕಿದ್ದಕ್ಕೆ ನೋವು ಬಂತು, ಹೊಟ್ಟೆ ಹಿಡಿದುಕೊಂಡು ಗೋಡೆಯ ಕಡೆ ತಿರುಗಿದ. ಸ್ವಲ್ಪ ಹೊತ್ತಾದ ಮೇಲೆ ಗೋಡೆಗೇ ಹೇಳುವವನಂತೆ ಹೇಳಿದ. "ಒಂದೇ ಒಂದು ಸಲ. ಸೇತುವೆವರೆಗೆ ಹೋಗಿ ಬರ್ತೀನಿ. ಒಬ್ಬನೇ."

ಸೇತುವೆಯೆಂದರೆ ಅವನಿಗೆ ಹಿಂದೆ ಲೆಕ್ಕಕ್ಕೇ ಇಲ್ಲದ ದೂರ. ಚಹಾಕ್ಕೆ ನೀರಿಡು ಎಂದು ಹೇಳಿ ಹೋದವನು ಚಹಾ ಆರುವ ಮೊದಲೇ ಬಂದು ಕೂತಿರುತ್ತಿದ್ದ. ಈಗ ಅಷ್ಟಕ್ಕೆ ತಯಾರಿ ನಡೆಯಿತು. ಬಕೆಟ್ಟಿನಲ್ಲಿ ನೀರು ತುಂಬಿಸಿ ಹಜಾರದಲ್ಲಿ ಆ ಕಡೆಯಿಂದ ಈ ಕಡೆಗೆ ಹೊತ್ತು ನಡೆಯುತ್ತಿದ್ದ. ಸೈಕಲ್ಲನ್ನು ಯಾರು ಓಡಿಸುತ್ತಾರೋ ಅವರೇ ಹೊತ್ತು ಇಳಿಸಬೇಕು ಎಂಬುದು ಅವನ ಹಳೆಯ ನೇಮ. ನಾನು ಇಳಿಸಿ ಕೊಡ್ತೀನಿ ಎಂದು ಅವಳು ಎರಡು ಸಲ ಹೇಳಿ ನೋಡಿದಳು. ಹಟಕ್ಕೆ ಬಿದ್ದ ಗಂಡಸಿಗೆ ಕಿವಿ ಎಲ್ಲಿಂದ ಬರಬೇಕು.

ನೋಡಲು ಬಂದ ಭಾವ, ಗಂಡನ ಅಣ್ಣ, ಅಡುಗೆಮನೆಯಲ್ಲಿ ದನಿ ತಗ್ಗಿಸಿ ಹೇಳಿದ. "ಎಲ್ಲದಕ್ಕೂ ಆಗೋ ಗಾಲಿ ಅಂತೆ. ಎಲ್ಲದಕ್ಕೂ ಅಂದ್ರೆ ಯಾವುದಕ್ಕಮ್ಮ? ಹಾಸಿಗೆಯಿಂದ ಬಚ್ಚಲಿಗೆ ಹೋಗೋಕಾ? ಆ ದುಡ್ಡಲ್ಲಿ ತಲೆ ಕಡೆ ಎತ್ತರಿಸೋ ಮಂಚ ಬರುತ್ತೆ."

ಭಾವ ಕೆಟ್ಟವನಲ್ಲ. ನ್ಯಾಯವಾದ ಮಾತನ್ನು ಹೊತ್ತುಗೊತ್ತಿಲ್ಲದೆ ಆಡುವವನು, ಅಷ್ಟೆ. ಮಂಚ ಬೇಕಾಗಿತ್ತು, ಅದು ಅವಳಿಗೂ ಗೊತ್ತು. "ಆಯ್ತು ಭಾವ, ಯೋಚನೆ ಮಾಡ್ತೀನಿ" ಎಂದಳು. ಮರುದಿನ ಅರ್ಧ ದಿನ ರಜೆ ಹಾಕಿ ಸೈಕಲ್ ಅಂಗಡಿಗೆ ಹೊರಟಳು. ಹೊರಡುವ ಮುಂಚೆ ಗಂಡ ತೂಕದ ಯಂತ್ರದ ಮೇಲೆ ನಿಂತು ತಾನೇ ಬಗ್ಗಿ ನೋಡಿದ. "ನಲವತ್ತೊಂಬತ್ತು. ಕೇಳ್ತಾನೆ ಅವನು, ಹೇಳು."

ಕೇಳುವುದು ಆ ಅಂಗಡಿಯವನ ಪದ್ಧತಿ. ತೂಕ ಕೇಳದೆ ಯಾರಿಗೂ ಗಾಲಿ ಕೊಡುವವನಲ್ಲ. ಕೇಳಿದ ಮೇಲೆ ನಂಬುವವನೂ ಅಲ್ಲ. ತೂಕದ ವಿಷಯದಲ್ಲಿ ನಿಜ ಹೇಳುವ ಗಿರಾಕಿಯನ್ನು ಅವನು ಇನ್ನೂ ಕಂಡಿರಲಿಲ್ಲವಂತೆ, ಅದಕ್ಕೇ ಯಾರು ಎಷ್ಟೇ ಹೇಳಲಿ, ಮೇಲೆ ಐದು ಕಿಲೋ ಕೂಡಿಸಿಕೊಂಡು ಕಡ್ಡಿಯ ಲೆಕ್ಕ ಹಾಕುತ್ತಿದ್ದ.

ಅಂಗಡಿಯ ತುಂಬ ರಬ್ಬರಿನ, ಗ್ರೀಸಿನ ವಾಸನೆ. ಅವನು ಒಂದು ಗಾಲಿಯನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ತಿರುಗಿಸುತ್ತ ಬೆಂಡ್ ತೆಗೆಯುತ್ತಿದ್ದ. ಅವಳನ್ನು ನೋಡಿ ಮುಖ ಅರಳಿತು.

"ಏನಕ್ಕಾ, ಲಾರಿ ಎಲ್ಲಿ? ಮುಖಾನೇ ಮರೆತು ಹೋಗಿದೆ."

"ಕೆಲಸ ಜಾಸ್ತಿ" ಎಂದಳು.

"ಹೌದೌದು, ಊರಲ್ಲಿರೋ ಲಿಫ್ಟೆಲ್ಲ ಅವನೇ ತಾನೆ ಎಳೆಯೋದು." ಅವಳು ಹೇಳಿದ ಜೋಡಿಯನ್ನು ಕೇಳಿ ಅವನು ತಲೆಯಾಡಿಸಿದ. "ಇಪ್ಪತ್ತು, ಇಪ್ಪತ್ತನಾಲ್ಕರದ್ದಾ? ಲಾರಿಗೆ ಅದು ಕೊಟ್ರೆ ಎರಡು ವಾರಕ್ಕೆ ಮುರಿದ ಕಡ್ಡಿ ತಂದು ನನ್ನ ಜುಟ್ಟು ಹಿಡೀತಾನೆ. ಈಗ ತೂಕ ಎಷ್ಟು? ಏನಾದ್ರೂ ಇಳಿದಿದಾನಾ?"

ನಲವತ್ತೊಂಬತ್ತು ಎಂದರೆ ಮುಗಿಯುತ್ತಿತ್ತು. ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡು ಬಂದಿದ್ದಳು. ಆದರೆ ಈ ಅಂಗಡಿಯೊಳಗೆ ಲಾರಿ ಇನ್ನೂ ಲಾರಿಯಾಗಿದ್ದ. ಕೆಲಸದ ಗಡಿಬಿಡಿಯಲ್ಲಿದ್ದ, ಕಡ್ಡಿ ಮುರಿಯುವಷ್ಟು ಗಟ್ಟಿಯಾಗಿದ್ದ, ಜುಟ್ಟು ಹಿಡಿದು ಜಗಳವಾಡುವವನಾಗಿದ್ದ. ಇಡೀ ಪ್ರಪಂಚದಲ್ಲಿ ಅವನು ಆರೋಗ್ಯವಾಗಿದ್ದ ಜಾಗ ಇದೊಂದೇ ಉಳಿದಿತ್ತು. ತನ್ನ ಬಾಯಿಂದಲೇ ಇದನ್ನೂ ಕೆಡಿಸಲು ಅವಳಿಗೆ ಆಗಲಿಲ್ಲ.

"ಅಷ್ಟೇ ಇದಾರೆ" ಎಂದಳು. "ತೊಂಬತ್ತೆರಡು."

"ಅಂದ್ರೆ ತೊಂಬತ್ತೇಳು" ಎಂದು ಅಂಗಡಿಯವನು ಕಣ್ಣು ಮಿಟುಕಿಸಿ, ಮೂವತ್ತೆರಡು ಕಡ್ಡಿಯ ಜೋಡಿಯನ್ನು ಇಳಿಸಿದ. ಬೆಲೆ ಹೆಚ್ಚುಕಡಿಮೆ ಒಂದೇ. "ಟೈರ್ ಏರಿಸದೇ ಇದ್ರೆ ಬದಲಾಯಿಸಿ ಕೊಡ್ತೀನಿ ಅಂತ ಹೇಳಿ. ಆದ್ರೆ ಬದಲಾಯಿಸೋ ಪ್ರಮೇಯ ಬರಲ್ಲ ಬಿಡಿ. ಆನೆ ಹತ್ತಿದ್ರೂ ಇದಕ್ಕೆ ಏನೂ ಆಗಲ್ಲ."

ಅವಳಿಗೆ ಎಷ್ಟು ಖುಷಿಯಾಯಿತೆಂದರೆ, ಬಸ್ಸಿನಲ್ಲಿ ಆ ರಟ್ಟಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಾಗ, ಮನೆಯಲ್ಲಿ ತೊಂಬತ್ತೆರಡು ಕಿಲೋದ ಗಂಡ ಚಹಾಕ್ಕೆ ಕಾಯುತ್ತಿದ್ದಾನೆ ಎಂದು ಎರಡು ಸ್ಟಾಪಿನವರೆಗೆ ನಂಬಿಯೇ ಬಿಟ್ಟಳು. ಮೂರನೆಯ ಸ್ಟಾಪಿಗೆ ಹೆದರಿಕೆ ಶುರುವಾಯಿತು.

ಅವನು ಪೆಟ್ಟಿಗೆ ಬಿಚ್ಚಿದ. ಕಡ್ಡಿಗಳನ್ನು ಬೆರಳಿನಿಂದ ಒಂದೊಂದಾಗಿ ಮುಟ್ಟುತ್ತ ಎಣಿಸಿದ. ಎಣಿಸುವ ಅಗತ್ಯವೇ ಇರಲಿಲ್ಲ, ಅಷ್ಟು ವರ್ಷ ಓಡಿಸಿದವನಿಗೆ ಒಂದು ನೋಟ ಸಾಕಿತ್ತು. ಎರಡು ಕೈಯಲ್ಲಿ ಎರಡು ಗಾಲಿ ಎತ್ತಿ ತೂಗಿ ನೋಡಿದ. ಹಿಡಿದು ನಿಲ್ಲಲಾಗದೆ ಮೆಲ್ಲಗೆ ಕೆಳಗಿಟ್ಟ.

"ಯಾರ ತೂಕ ಹೇಳಿದೆ?"

"ನಿಮ್ಮದೇ."

"ಯಾವಾಗಿಂದು?"

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಳು. ಬೈದಿದ್ದರೆ ಚೆನ್ನಾಗಿತ್ತು. ಅವನು ಬೈಯಲಿಲ್ಲ. ಹಾಸಿಗೆಯ ಅಂಚಿನಲ್ಲಿ ಕೂತು, ಅವಳ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡ. ಹಿಡಿದ ಕೈಯಲ್ಲಿ ಮೂಳೆಯೇ ಹೆಚ್ಚಾಗಿತ್ತು.

"ನೀನು ಆ ಲಾರಿಗೆ ಗಾಲಿ ತಂದಿದೀಯ" ಎಂದ. "ಅವನು ಹೋಗಿ ಆಯ್ತು ಕಣೆ. ಇರೋನಿಗೆ ತಂದುಕೊಡು."

ವರ್ಷದಿಂದ ಬಾತ್‌ರೂಮುಗಳಲ್ಲಿ, ಬಸ್ಸುಗಳಲ್ಲಿ, ಹೊಲಿಗೆ ಯಂತ್ರದ ಸದ್ದಿನಲ್ಲಿ ಬಚ್ಚಿಟ್ಟುಕೊಂಡು ಅತ್ತವಳು ಅಂದು ಅವನೆದುರಿಗೇ ಅತ್ತಳು. ಅವನು ತಡೆಯಲಿಲ್ಲ. ಅಳು ಮುಗಿದ ಮೇಲೆ ಪೆಟ್ಟಿಗೆಯನ್ನು ಮತ್ತೆ ಹಗ್ಗದಿಂದ ಕಟ್ಟಿದ್ದೂ ಅವಳೇ.

ಎರಡನೆಯ ಸಲ ಹೋದಾಗ ಅಂಗಡಿಯಲ್ಲಿ ಬೇರೆ ಇಬ್ಬರು ಗಿರಾಕಿಗಳಿದ್ದರು. ಅವಳು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಹಗುರದ ಜೋಡಿ ಬೇಕೆಂದಳು. ಅಂಗಡಿಯವನು ಸೊಂಟದ ಮೇಲೆ ಕೈಯಿಟ್ಟ. "ಅವನಿಗೆ ತಲೆ ಕೆಟ್ಟಿದೆಯಾ ಅಕ್ಕಾ? ಆ ತೂಕಕ್ಕೆ ಅದು ತಡೆಯಲ್ಲ."

"ನಲವತ್ತೊಂಬತ್ತು" ಎಂದಳು.

"ಐವತ್ತನಾಲ್ಕು ಅಂತ ಇಟ್ಕೊಳ್ಳೋಣ" ಎಂದಿತು ಅವನ ಬಾಯಿ, ರೂಢಿಯ ಮೇಲೆ. ಆಮೇಲೆ ಹುಬ್ಬು ಗಂಟಿಕ್ಕಿದ. "ಮಗನಿಗಾ? ನಿಮಗೆ ಅಷ್ಟು ದೊಡ್ಡ ಮಗ ಇದಾನಾ?"

"ಮಗ ಇಲ್ಲ. ಅವರಿಗೇ." ಅವಳ ದನಿ ತನಗೇ ಜೋರಾಗಿ ಕೇಳಿಸಿತು. "ಐದು ಕೂಡಿಸಬೇಡಿ ಅಣ್ಣ. ಅಷ್ಟೇ ಇದಾರೆ."

ಗಿರಾಕಿಗಳಲ್ಲಿ ಒಬ್ಬ ಕೈಯಲ್ಲಿದ್ದ ಸೈಕಲ್ ಗಂಟೆಯನ್ನು ಸದ್ದಾಗದಂತೆ ಕೆಳಗಿಟ್ಟ. ಅಂಗಡಿಯವನು ಹಗುರದ ಜೋಡಿ ತೆಗೆದು, ಹೊಸದಾಗಿದ್ದರೂ ಒಂದೊಂದನ್ನೂ ಸ್ಟ್ಯಾಂಡಿಗೆ ಸಿಕ್ಕಿಸಿ ತಿರುಗಿಸಿದ. ಇಲ್ಲದ ಬೆಂಡನ್ನು ಬಹಳ ಹೊತ್ತು ಹುಡುಕಿದ. ಟೈರ್ ನಾನೇ ಹಾಕಿ ಕೊಡಲಾ ಎಂದಾಗ ಅವಳು ಬೇಡವೆಂದಳು, ಅವರೇ ಹಾಕ್ಕೋತಾರಂತೆ. ಬಸ್ ಸ್ಟಾಪಿನವರೆಗೆ ಪೆಟ್ಟಿಗೆ ಹೊತ್ತು ತಂದುಕೊಟ್ಟವನು, "ಬರಲಾ ಅಕ್ಕಾ, ನೋಡೋಕೆ?" ಎಂದು ಕೇಳಿದ. ಆ ಅಂಗಡಿಯಲ್ಲೂ ಲಾರಿಗೆ ಕಾಯಿಲೆ ಬಂದಾಗಿತ್ತು. ಬನ್ನಿ ಎಂದಳು.

ಹೊಸ ರಿಮ್ಮಿಗೆ ಹೊಸ ಟೈರು ಬಿಗಿ. ಸುತ್ತ ಕೂರಿಸಿಕೊಂಡು ಬಂದವನಿಗೆ ಕೊನೆಯ ಗೇಣುದ್ದ ಒಳಗೆ ಹೋಗಲೊಲ್ಲದು. ಹೆಬ್ಬೆರಳು ಬೆಳ್ಳಗಾಗುವವರೆಗೆ ಒತ್ತಿದ, ಬೆವರಿದ. ಆಮೇಲೆ ಗಾಲಿಯನ್ನು ಅವಳ ಕಡೆ ಸ್ವಲ್ಪ ವಾಲಿಸಿದ. ಅವಳು ತನ್ನ ಹೆಬ್ಬೆರಳುಗಳನ್ನು ಅವನವುಗಳ ಪಕ್ಕದಲ್ಲಿಟ್ಟು ಒತ್ತಿದಳು. ಟೈರು ಒಳಗೆ ಕೂತಿತು. ಒತ್ತಿದವರು ಯಾರು ಎಂದು ಇಬ್ಬರೂ ಮಾತಾಡಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಎರಡೂ ಬದಿ ಹಿಡಿದು ಹೊಲಿದು ಸಣ್ಣ ಮಾಡಿದ ಚಡ್ಡಿ ಹಾಕಿಕೊಂಡು ಅವನು ಸೈಕಲ್ ಎತ್ತಿದ. ಮೆಟ್ಟಿಲಿನ ಪ್ರತಿ ತಿರುವಿನಲ್ಲಿ ನಿಂತು ಉಸಿರು ತೆಗೆದುಕೊಂಡ. ಬೀಳುವುದಾದರೆ ಹಿಡಿಯಬೇಕು, ಹಿಡಿಯಲು ಬಂದಿದ್ದೇನೆಂದು ಅವನಿಗೆ ತಿಳಿಯಬಾರದು. ಹಿಂದೆ ಇಳಿಯುತ್ತಿದ್ದವಳಿಗೆ ಕೈ ಎಲ್ಲಿಡುವುದೆಂದೇ ಗೊತ್ತಾಗಲಿಲ್ಲ. ಗೇಟಿನ ಹತ್ತಿರ ಅವನು ಸೀಟಿಗೇರಿದ. ಮೊದಲು ಹ್ಯಾಂಡಲ್ ಅತ್ತಿತ್ತ ಹೊಯ್ದಾಡಿತು, ಆಮೇಲೆ ನೆಟ್ಟಗಾಯಿತು. ಹಗುರವಾದ ಗಾಲಿ ಅವನನ್ನು ಕೇಳದೆಯೇ ಓಡತೊಡಗಿತು. ತಿರುಗಿ ನೋಡದೆ ಒಂದು ಕೈ ಎತ್ತಿದ. ಬೀದಿಯ ಕೊನೆಯ ಡ್ರೈಕ್ಲೀನಿಂಗ್ ಅಂಗಡಿಯ ಬಳಿ ಬಲಕ್ಕೆ ತಿರುಗಿ ಮರೆಯಾದ.

ಅವಳು ಗೇಟಿಗೊರಗಿ ನಿಂತಳು. ಈಗ ದೊಡ್ಡ ರಸ್ತೆ, ಈಗ ಶಾಲೆಯ ಕಾಂಪೌಂಡು, ಈಗ ಸೇತುವೆಯ ಏರು ಎಂದು ಮನಸ್ಸಿನಲ್ಲೇ ಅವನ ಜೊತೆ ಹೋದಳು. ಆ ಏರು ನೆನಪಾದ ಮೇಲೆ ನಿಲ್ಲಲಾಗಲಿಲ್ಲ. ಬಿದ್ದಿದ್ದರೆ? ಚಪ್ಪಲಿ ಎಳೆದುಕೊಂಡು ಬೀದಿಯ ಕೊನೆಯವರೆಗೆ ಹೆಚ್ಚುಕಡಿಮೆ ಓಡಿದಳು.

ಡ್ರೈಕ್ಲೀನಿಂಗ್ ಅಂಗಡಿ ಇನ್ನೂ ತೆರೆದಿರಲಿಲ್ಲ. ಅದರ ಪಕ್ಕದ ಗೋಡೆಯ ಮರೆಯಲ್ಲಿ, ತಿರುವಿನಿಂದ ಹತ್ತು ಹೆಜ್ಜೆಯಾಚೆ, ಅವನು ಕಟ್ಟೆಯ ಮೇಲೆ ಕೂತಿದ್ದ. ಸೈಕಲ್ ಗೋಡೆಗೊರಗಿತ್ತು. ಬೆನ್ನು ಬಾಗಿ, ಬಾಯಿ ತೆರೆದು ಉಸಿರಾಡುತ್ತಿದ್ದ. ಕೈಗಡಿಯಾರ ನೋಡಿದ. ತಲೆ ತಗ್ಗಿಸಿ ಕೂತ. ಮತ್ತೆ ನೋಡಿದ. ಸೇತುವೆಗೆ ಹೋಗಿ ಬರಲು ಹಿಡಿಯುವಷ್ಟು ಹೊತ್ತನ್ನು ಅವನು ಅಲ್ಲಿ ಕೂತು ಕಳೆಯುತ್ತಿದ್ದಾನೆಂದು ಅವಳಿಗೆ ತಿಳಿಯಿತು.

ಓಡಿ ಹೋಗಿ ತಬ್ಬಿಕೊಂಡು, ಸಾಕು, ಮನೆಗೆ ಬನ್ನಿ ಎನ್ನಬೇಕೆನ್ನಿಸಿತು. ಒಂದು ಹೆಜ್ಜೆ ಇಟ್ಟೂ ಇಟ್ಟಳು. ಅವನು ತಲೆಯೆತ್ತುವ ಮೊದಲು ಹಿಂದಕ್ಕೆ ಸರಿದಳು. ಚಪ್ಪಲಿ ಸದ್ದು ಮಾಡೀತೆಂದು ಕೈಯಲ್ಲಿ ಹಿಡಿದುಕೊಂಡು ಬರಿಗಾಲಲ್ಲಿ ಗೇಟಿಗೆ ಬಂದು, ಮೊದಲು ನಿಂತಿದ್ದಲ್ಲೇ ನಿಂತಳು.

ಎಷ್ಟೋ ಹೊತ್ತಿನ ಮೇಲೆ ಅವನು ತಿರುವಿನಿಂದ ಬಂದ, ಪೆಡಲ್ ತುಳಿಯುತ್ತಲೇ ಬಂದ. ಗೇಟಿನ ಮುಂದೆ ಇಳಿದು ಸೈಕಲ್ಲನ್ನು ಅವಳ ಕೈಗೆ ಕೊಟ್ಟ. ಮೇಲಕ್ಕೆ ನೀನೇ ತಾ ಎಂದು ಹೇಳಲಿಲ್ಲ, ಕೊಟ್ಟು ಕಂಬಿ ಹಿಡಿದುಕೊಂಡ.

"ಸೇತುವೆವರೆಗೂ ಹೋದ್ರಾ?"

"ಹೋದೆ. ಅಲ್ಲಿ ಸ್ವಲ್ಪ ಗಾಳಿ ಇತ್ತು. ಗಾಲಿ ಮಾತ್ರ ಏನು ಓಡುತ್ತೆ ಅಂತೀಯ." ಒಂದು ಮೆಟ್ಟಿಲು ಹತ್ತಿ ನಿಂತು ಅವಳ ಮುಖ ನೋಡಿದ. "ನೀನು ಇಷ್ಟೊತ್ತೂ ಇಲ್ಲೇ ನಿಂತಿದ್ಯಾ?"

"ಇಲ್ಲೇ ಇದ್ದೆ" ಎಂದಳು. "ಗೇಟು ಬಿಟ್ಟು ಕದಲಲಿಲ್ಲ."