ಹಳೆಯ ಅರೀನಾದ ದಾರಿ

"ಆ ಕಡೆ ಭುಜ ಸ್ವಲ್ಪ ಎತ್ತಪ್ಪ," ಎಂದು ಮಗನಿಗೆ ಹೇಳಿ ಮೈಥಿಲಿ ಗಂಡನ ಬೆನ್ನ ಕೆಳಗೆ ಶಲ್ಯ ತೂರಿಸಿದಳು. ವೆಂಕಟಾಚಲನ ಮೈ ಮರಗಟ್ಟಿತ್ತು. ಸ್ಯಾನ್ ಫ್ರಾನ್ಸಿಸ್ಕೋ ಬಳಿಯ ಹೇವರ್ಡ್ ಊರಿನ ಚಿತಾಗಾರದ ಆ ಕೋಣೆಯಲ್ಲಿ ಕುರ್ಚಿಗಳು ಬೇಕಾದಷ್ಟಿದ್ದವು. ತುಂಬಿದ್ದು ಮೊದಲ ಸಾಲು ಮಾತ್ರ.

ಪಕ್ಕದ ಮನೆಯ ರಂಜನಿ ಮೆಲ್ಲಗೆ ಕೇಳಿದಳು. "ಆಂಟಿ, ಮರೆವಿನ ಕಾಯಿಲೆ ಇರೋರು ನಮ್ಮ ಬೆರ್ರಿಯೆಸಾದಲ್ಲಿ ಟ್ರೈನ್ ಹತ್ತಿ ಓಕ್ಲ್ಯಾಂಡ್‌ವರೆಗೂ ಒಬ್ಬರೇ ಹೇಗೆ ಹೋದ್ರು? ಬಾಗಿಲು ಲಾಕ್ ಮಾಡಿರ್ಲಿಲ್ವಾ?"

"ಮಾಡಿದ್ದೆ ಕಣಮ್ಮ, ನಂಬರ್ ಲಾಕು. ಹೇಗೋ ತೆಗೆದ್ಕೊಂಡ್ಬಿಟ್ಟಿದಾರೆ."

ಮಗ ಕುಶಲ್ ತಲೆಯೆತ್ತಿದ. "ಬಟ್ ಹೀ ಡಿಡಂಟ್ ನೋ ದ ಕೋಡ್, ಅಮ್ಮ."

* * *

ಕೆಲಸದಲ್ಲಿದ್ದ ಕಂಪನಿ ಮುಚ್ಚಿದ ಮೇಲೆ ವೆಂಕಟಾಚಲ ಓಕ್ಲ್ಯಾಂಡಿನ ಬ್ಯಾಸ್ಕೆಟ್‌ಬಾಲ್ ಅರೀನಾದಲ್ಲಿ ಜನರಿಗೆ ಸೀಟು ತೋರಿಸುವ ಕೆಲಸಕ್ಕೆ ಸೇರಿದ್ದ. ಮೊದಮೊದಲು ನಾಚಿಕೆಪಟ್ಟವನು ಆಮೇಲೆ ಅದನ್ನೇ ಉಸಿರಾಡತೊಡಗಿದ. ಗುಂಡಗೆ ಕಟ್ಟಿದ ಹಳೇ ಕಾಂಕ್ರೀಟು ಕಟ್ಟಡ. "ಅಲ್ಲಿ ಜನ ಕೂಗಿದ್ರೆ ಎದೆಯೊಳಗೇ ಡೋಲು ಬಡಿದ ಹಾಗಾಗುತ್ತೆ ಮೈಥಿಲಿ," ಅನ್ನುತ್ತಿದ್ದ.

ಅಲ್ಲಿ ಆಡುತ್ತಿದ್ದ ತಂಡ ಕೊಲ್ಲಿಯಾಚೆಯ ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೆ ಹೋಯಿತು. ಇವನೂ ಹಿಂದೆಯೇ ಹೋದ. ಹೊಸ ಅರೀನಾದಲ್ಲಿ ಗಾಜಿನ ಗೋಡೆಗಳು, ಆಚೆ ನೀರು, ಅಂಕಣದ ಮೇಲೆ ಮನೆಯಷ್ಟು ದೊಡ್ಡ ಪರದೆ. ಅವನು ದಾರಿ ತಪ್ಪಲು ಶುರುವಾದದ್ದು ಅಲ್ಲಿಯೇ. ಹಳೇ ಕಟ್ಟಡದ ಲೆಕ್ಕದಲ್ಲಿ ಜನರನ್ನು ತಪ್ಪು ಮೆಟ್ಟಿಲು ಹತ್ತಿಸುತ್ತಿದ್ದ. ಕೊನೆಗೊಂದು ಸಂಜೆ ಮೇಲ್ವಿಚಾರಕಿ ಅವನ ಬೆನ್ನು ಸವರಿ, ಟ್ಯಾಕ್ಸಿ ಹತ್ತಿಸಿ ಮನೆಗೆ ಕಳಿಸಿದಳು.

ಅಲ್ಲಿಂದ ಮುಂದೆ ಪ್ರತಿ ಸಂಜೆಯೂ ಅದೇ. "ಇವತ್ತು ಗೇಮ್ ಇದೆ, ಲೇಟಾಯ್ತು, ಬಿಡು!" ಬಾಗಿಲು ಗುದ್ದುವುದು, ಅಳುವುದು. ವರ್ಷಗಳೇ ಉರುಳಿದವು. ಕುಶಲ್ ಬಂದ ದಿನ ಮಾತ್ರ ಅಪ್ಪ ತೆಪ್ಪಗೆ ಕೂತಿರುತ್ತಿದ್ದ.

ಮೊನ್ನೆ ಸಂಜೆ ವೆಂಕಟಾಚಲ ಮೈಥಿಲಿಯ ಕೈ ತಿರುಚಿದ. ಮಣಿಕಟ್ಟು ಊದಿತು. ಅವಳು ಸುಮ್ಮನೆ ಅವನಿಗೆ ಜಾಕೆಟ್ ತೊಡಿಸಿ, ಜಿಪ್ ಎಳೆದು, ಕೋಡ್ ಒತ್ತಿ ಬಾಗಿಲು ತೆರೆದಳು. "ಹೋಗಿ ಬನ್ನಿ," ಅಂದಳು. ಎಷ್ಟೋ ಕಾಲದ ಮೇಲೆ ಮೈಮರೆತು ಮಲಗಿದಳು. ಎಚ್ಚರವಾದಾಗ ಹೊರಗೆ ಮಳೆ ಸುರಿಯುತ್ತಿತ್ತು.

ಬೆಳಿಗ್ಗೆ ಹಳೇ ಅರೀನಾದ ಮುಚ್ಚಿದ ಗೇಟಿಗೆ ಒರಗಿ ಕೂತಂತೆಯೇ ತಣ್ಣಗಾಗಿದ್ದವನನ್ನು ಕಾವಲುಗಾರ ಕಂಡ. ಅಲ್ಲಿ ಯಾವ ಆಟವೂ ಇರಲಿಲ್ಲ.

* * *

ಶವದ ಪೆಟ್ಟಿಗೆಯನ್ನು ಉಕ್ಕಿನ ಬಾಗಿಲ ಮುಂದೆ ತಂದರು. ತಾಯಿ ಮಗ ಇಬ್ಬರನ್ನೇ ಒಳಗೆ ಬಿಟ್ಟರು. ಸಿಬ್ಬಂದಿಯವನು ದಹನಕ್ಕೆ ಒತ್ತಬೇಕಾದ ಗೋಡೆಯ ಗುಂಡಿ ತೋರಿಸಿದ.

"ಕುಶಲ್, ಅವತ್ತು ಮನೆ ಬಾಗಿಲು ತೆಗೆದಿದ್ದು ನಾನೇ."

ಅವನು ತಿರುಗಿದ. "ವಾಟ್?"

"ನಂಗೆ ನಿದ್ದೆ ಬೇಕಿತ್ತು ಕಣೋ."

"ನಂಗೆ ಯಾಕೆ ಕಾಲ್ ಮಾಡ್ಲಿಲ್ಲ?"

"ಮಾಡಿದ್ದೆ. ನೀನೇ ಮೀಟಿಂಗಲ್ಲಿದೀನಿ ಅಂತ ಕಟ್ ಮಾಡ್ದೆ."

ಕುಶಲ್ ಗೋಡೆಯತ್ತ ನಡೆದು ಗುಂಡಿ ಒತ್ತಿದ. ಬಾಗಿಲು ಮೇಲೆದ್ದಿತು, ಪೆಟ್ಟಿಗೆ ಒಳಗೆ ಸರಿಯಿತು, ಬಾಗಿಲು ಇಳಿಯಿತು. ಒಳಗೆ ಬೆಂಕಿ ಭೋರೆಂದಿತು.

ಮೈಥಿಲಿ ಮಗನತ್ತ ಕೈ ಚಾಚಿದಳು. ಕುಶಲ್ ತನ್ನ ಎರಡೂ ಕೈಗಳನ್ನು ಕೋಟಿನ ಜೇಬಿನೊಳಗೆ ಇಳಿಸಿದ.