ರೀಲಿಂಗ್‌ನವರ ಮಗಳ ಕೈ

“ಬಿಸಿನೀರಿಗೆ ಕೈ ಹಾಕೋದು ಸ್ವಲ್ಪ ಕಮ್ಮಿ ಮಾಡಮ್ಮ” ಎಂದು ಸರ್ಕಾರಿ ಆಸ್ಪತ್ರೆಯ ಚರ್ಮದ ಡಾಕ್ಟರು ಮೆಹ್ರೀನಳ ಕೈಯನ್ನು ಒಂದು ಸಲ ನೋಡಿ, ಮುಲಾಮು ಬರೆದೂ ಬಿಟ್ಟರು. “ರೀಲಿಂಗ್‌ನೋರಿಗೆಲ್ಲ ಇದು ಇದ್ದಿದ್ದೇ.”

ತಾಯಿ ಶರ್ಫುನ್ನೀಸಾಗೆ ಮೈಯೆಲ್ಲ ಉರಿದುಹೋಯಿತು. ಇಪ್ಪತ್ತು ವರ್ಷದಿಂದ ಕುದಿಯುವ ನೀರಿನಲ್ಲಿ ಗೂಡು ಬೇಯಿಸಿ ರೇಷ್ಮೆ ಎಳೆದ ತನ್ನ ಎರಡು ಕೈಗಳನ್ನೂ ಮೇಜಿನ ಮೇಲಿಟ್ಟಳು.

“ಸಾರ್, ರೀಲಿಂಗ್ ಕೈ ಅಂದ್ರೆ ಇದು. ನನ್ ಮಗ್ಳು ಒಂದಿನಾನೂ ಗೂಡು ಮುಟ್ಟಿಲ್ಲ. ಪಿಯುಸಿ ಓದ್ತಾವ್ಳೆ. ಸುಮ್ಸುಮ್ನೆ ಕೈ ತೊಳೀತಾಳೆ ಸಾರ್, ತೊಳೆದಿದ್ದೇ ತೊಳೀತಾಳೆ. ಅದಕ್ಕೆ ಮುಲಾಮು ಹಚ್ಚಿ ಏನ್ ಮಾಡ್ಲಿ?”

“ಹಾಗಾದ್ರೆ ಇಲ್ಲಿಗ್ಯಾಕೆ ಬಂದ್ರಿ? ಮನಸ್ಸಿನ ಡಾಕ್ಟ್ರ ಹತ್ರ ಹೋಗಿ.”

“ಅಲ್ಲಿಗೇ ಚೀಟಿ ಕೇಳ್ದೆ. ಚೀಟಿ ಕೊಡೋರು ಇವಳ ಕೈ ನೋಡಿ ಇಲ್ಲಿಗೆ ಬರ್ಕೊಟ್ರು.”

ಈ ಊರಿನ ಕಷ್ಟವೇ ಇದು. ರಾಮನಗರದ ರೀಲಿಂಗ್ ಕೇರಿಗಳಲ್ಲಿ ಮನೆಗೆ ಮೂರು ಒಡೆದ ಕೈಗಳಿರುವಾಗ ನಾಲ್ಕನೆಯದನ್ನು ಯಾರು ನೋಡುತ್ತಾರೆ? ಮನೆಯವರೂ ನೋಡಿರಲಿಲ್ಲ. ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆದು ವಜೂ ಮಾಡಿಕೊಂಡವಳು ಅದನ್ನೇ ಮತ್ತೆ ಮತ್ತೆ ಮಾಡತೊಡಗಿದಾಗ, ಪಕ್ಕದ ಮನೆಯ ಖುರ್ಷಿದಾ ‘ಈ ವಯಸ್ಸಿಗೇ ಎಷ್ಟು ಭಕ್ತಿ’ ಎಂದು ಕೇರಿಗೆಲ್ಲ ಸಾರಿದಳು. ಶರ್ಫುನ್ನೀಸಾ ಕೂಡ ಹಿಗ್ಗಿದಳು, ಸುಳ್ಳು ಯಾಕೆ ಹೇಳಬೇಕು. ಆಮೇಲೆ ನಮಾಜಿನ ಹೊತ್ತು ಮೀರಿದರೂ ಹುಡುಗಿ ನಲ್ಲಿಯ ಮುಂದೆ; ಕಾಲೇಜಿನ ಹೊತ್ತು ಮೀರಿದರೂ ನಲ್ಲಿಯ ಮುಂದೆ. ಹೊಗಳಿಕೆ ನಿಂತು ಬೈಗುಳ ಶುರುವಾಯಿತು.

ಎರಡು ತಿಂಗಳಿಂದ ಅವಳು ಕಾಲೇಜಿಗೇ ಹೋಗಿರಲಿಲ್ಲ. ಕೊನೆಗೆ ಲೆಕ್ಚರರ್ ಒಬ್ಬರು ಮನೆಗೇ ಬಂದು ಬುದ್ಧಿ ಹೇಳಿದ ಮೇಲೆ, ಕಾಡಿ ಬೇಡಿ ಇವತ್ತು ಹೊರಡಿಸಿದ್ದು. ಆಟೋ ಹತ್ತುವಾಗಲೇ ಮೆಹ್ರೀನ್ ಹೇಳಿದ್ದಳು: “ಇದೊಂದೇ ಸಲ ಅಮ್ಮೀ. ವಾಪಸ್ ಕಳಿಸಿದ್ರೆ ಇನ್ನು ಎಲ್ಲಿಗೂ ಬರಲ್ಲ.” ಹೇಳಿದಂತೆ ಮಾಡುವ ಹುಡುಗಿ ಅವಳು. ಅದೇ ತಾಯಿಯ ಹೆದರಿಕೆ.

ಮತ್ತೆ ಚೀಟಿಯ ಸಾಲು. ಆಧಾರ್ ಕೇಳಿದರು, ತೋರಿಸಿದಳು. ಜೆರಾಕ್ಸ್ ಕೇಳಿದರು, ರಸ್ತೆ ದಾಟಿ ಮಾಡಿಸಿ ತಂದಳು. ಒಂಬತ್ತನೇ ರೂಮು ಎಂದರು. ಒಂಬತ್ತರಲ್ಲಿ ಕೂಸುಗಳಿಗೆ ಚುಚ್ಚುಮದ್ದು ಹಾಕುತ್ತಿದ್ದರು. ಮನಸ್ಸಿನವರು ಮಹಡಿಗೆ ಹೋದರು ಎಂದಳು ಅಲ್ಲಿನ ನರ್ಸು. ಮಹಡಿಯಲ್ಲಿ ಕೇಳಿದರೆ, ಈ ಕಡೆ ಅಲ್ಲ, ಆ ಕಡೆಯ ಮೆಟ್ಟಿಲು ಎಂದರು. ಮೆಹ್ರೀನ್ ಎರಡೂ ಕೈಗಳನ್ನು ದುಪಟ್ಟಾದಲ್ಲಿ ಸುತ್ತಿಕೊಂಡು, ಗೋಡೆ ಬಾಗಿಲು ಏನೂ ತಾಗದಂತೆ ಹಿಂದೆ ಹಿಂದೆ ಬರುತ್ತಿದ್ದಳು.

ಸರಿಯಾದ ಬಾಗಿಲು ಸಿಕ್ಕಾಗ ಹನ್ನೆರಡೂವರೆ. ಅಟೆಂಡರ್ ಮುನಿಕೃಷ್ಣ ಸ್ಟೂಲು ಹಾಕಿಕೊಂಡು ಕುಳಿತಿದ್ದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ದೇವರೂ ಇರಲಿಲ್ಲ.

“ಡಾಕ್ಟ್ರು ಹಾರೋಳ್ಳಿ ಕ್ಯಾಂಪಿಗೆ ಹೋಗವ್ರೆ. ಮಂಗ್ಳಾರ ಬನ್ನಿ.”

“ಬೇರೆ ಯಾರೂ ಇಲ್ವಾ?”

“ಕೌನ್ಸೆಲರ್ ಮೇಡಮ್ ಅವ್ರೆ. ಅವರ ಟೋಕನ್ ಮುಗ್ದೋಯ್ತು. ಮಂಗ್ಳಾರ ಅಂದ್ನಲ್ಲಮ್ಮ.”

ಮೆಹ್ರೀನ್ ಮೆಟ್ಟಿಲ ಕಡೆ ತಿರುಗಿದಳು. ಮುಖದಲ್ಲಿ ಬೇಸರವಿರಲಿಲ್ಲ, ಸದ್ಯ ಮುಗಿಯಿತಲ್ಲ ಎಂಬ ಸಮಾಧಾನವಿತ್ತು. ಅದನ್ನು ಕಂಡ ತಾಯಿಗೆ ಗೊತ್ತಾಗಿಹೋಯಿತು: ಮಂಗಳವಾರ ಈ ಹುಡುಗಿ ಮನೆಯಿಂದ ಹೊರಡುವುದಿಲ್ಲ.

ಶರ್ಫುನ್ನೀಸಾ ಬುರ್ಖಾ ಸಾವರಿಸಿಕೊಂಡು ಬಾಗಿಲಿಗೆ ಅಡ್ಡವಾಗಿ ನೆಲದ ಮೇಲೆ ಕೂತೇಬಿಟ್ಟಳು.

“ಏನಮ್ಮ ಇದು, ಧರಣಿನಾ?”

“ಏನಾದ್ರೂ ಅನ್ಕೊಳ್ಳಣ್ಣ! ಚೀಟಿ ತಂದೆ, ಜೆರಾಕ್ಸ್ ತಂದೆ, ಮಗಳನ್ನೂ ತಂದೆ. ಇನ್ನೇನೂ ತರಕ್ಕೆ ನನ್ ಕೈಲಾಗಲ್ಲ!”

ಗಲಾಟೆಗೆ ಬಾಗಿಲು ತೆರೆಯಿತು. ಕೌನ್ಸೆಲರ್ ಲತಾಮಣಿ ನೆಲದ ಮೇಲಿದ್ದ ತಾಯಿಯನ್ನು ನೋಡಿದಳು, ಮೆಟ್ಟಿಲ ಹತ್ತಿರ ನಿಂತ ಮಗಳನ್ನೂ ನೋಡಿದಳು. ಟೋಕನ್ ಕೇಳದೆ ಇಬ್ಬರನ್ನೂ ಒಳಗೆ ಕರೆದಳು. ತಾಯಿ ಒಂದೇ ಉಸಿರಿನಲ್ಲಿ ಎಲ್ಲವನ್ನೂ ಒದರಿದಳು. ಲತಾಮಣಿ ಕೇಳಿಸಿಕೊಂಡು, ಕೈ ತೋರಿಸು ಎನ್ನದೆ, ಹುಡುಗಿಯ ಮುಖ ನೋಡಿದಳು.

“ತೊಳೀದೆ ಬಿಟ್ರೆ ಏನಾಗ್ಬೋದು ಅನ್ಸುತ್ತೆ, ಮೆಹ್ರೀನ್?”

ಯಾಕೆ ತೊಳೆಯುತ್ತೀಯ ಎಂದು ಗದರಿದವರೇ ಎಲ್ಲ. ಹೀಗೆ ಯಾರೂ ಕೇಳಿರಲಿಲ್ಲ. ಹುಡುಗಿ ಕೈಗಳ ಸುತ್ತ ದುಪಟ್ಟಾವನ್ನು ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡಳು.

“ಅಮ್ಮೀ ಸತ್ತೋಗ್ತಾರೆ.”

ನೀರು ಮುಗಿಸಿದೆ, ಸೋಪು ಮುಗಿಸಿದೆ, ನನ್ನನ್ನೂ ಮುಗಿಸಿಬಿಡು ಎಂದು ದಿನಾ ಬೆಳಿಗ್ಗೆ ಕಿರುಚುತ್ತಿದ್ದವಳು ತಾಯಿಯೇ.

“ನೀವು ಒಸಿ ಹೊರಗೆ ಕೂತಿರಿ ಅಮ್ಮ” ಎಂದಳು ಲತಾಮಣಿ.

ಶರ್ಫುನ್ನೀಸಾ ಹೊರಗೆ ಬಂದು ಗೋಡೆಗೊರಗಿ ಕುಳಿತಳು. ಅಳು ಬಂತು, ಸೆರಗಿಲ್ಲದ್ದರಿಂದ ಅಂಗೈಯಲ್ಲೇ ಒರೆಸಿಕೊಂಡಳು. ಒಳಗೆ ಮೊದಲು ಲತಾಮಣಿಯ ಧ್ವನಿಯೊಂದೇ ಇತ್ತು. ಆಮೇಲೆ ಮೆಲ್ಲಗೆ, ತಡೆದು ತಡೆದು, ಇನ್ನೊಂದು ಧ್ವನಿ. ಅದು ನಿಲ್ಲಲಿಲ್ಲ.

ಒಂದೂವರೆಗೆ ಮುನಿಕೃಷ್ಣ ಬೀಗ ಹಿಡಿದುಕೊಂಡು ಬಂದ. “ಊಟದ ಟೈಮಾಯ್ತು, ರೂಮು ಮುಚ್ಬೇಕು. ಏಳಮ್ಮ…”

“ಉಸ್!” ಎಂದಳು ಶರ್ಫುನ್ನೀಸಾ. “ಮಗ್ಳು ಮಾತಾಡ್ತಾವ್ಳೆ.”

ಮುನಿಕೃಷ್ಣ ಬಾಗಿಲನ್ನೊಮ್ಮೆ ನೋಡಿದ. ಬೀಗವನ್ನು ತೊಡೆಯ ಮೇಲಿಟ್ಟುಕೊಂಡು, ಸದ್ದಾಗದಂತೆ ಸ್ಟೂಲಿನ ಮೇಲೆ ಕುಳಿತ.