ಜಿಜಾಬಾಯಿ ಹೊಲಕ್ಕೆ ಹಾಕಿದ ಅನ್ನ

ಆ ವರ್ಷ ಔರಾದ ಕಡೆಯ ಊರುಗಳಲ್ಲಿ ಶ್ರಾವಣಕ್ಕೇ ಮನೆಗಳಿಗೆ ಬೀಗ ಬೀಳತೊಡಗಿತ್ತು. ಸತತ ಎರಡನೇ ವರ್ಷ ಮಳೆ ಕೈಕೊಟ್ಟಿತ್ತು. ಜನ ಗಂಟುಮೂಟೆ ಕಟ್ಟಿಕೊಂಡು ಹೈದರಾಬಾದಿನ ಕಟ್ಟಡ ಕೆಲಸಕ್ಕೆ ಹೊರಟಿದ್ದರು. ಗುಂಡಮ್ಮ ಮತ್ತು ಅವಳ ಗಂಡ ಹಾವಗೆಪ್ಪ ಮಾತ್ರ ಹೊಲದ ಆಸೆ ಬಿಟ್ಟಿರಲಿಲ್ಲ. ಆದರೆ ಅವರ ಎರಡು ಎಕರೆ ಜೋಳ ಮೊಣಕಾಲೆತ್ತರಕ್ಕೆ ಬಂದು ನಿಂತುಬಿಟ್ಟಿತ್ತು. ಎಲೆಯೆಲ್ಲ ಹಳದಿ. ಬುಡದಲ್ಲಿ ಬಿಳಿ ಹೂವಿನ ಸಣ್ಣ ಕಳೆಕಸವೊಂದೇ ಹಸಿರಾಗಿ ನಗುತ್ತಿತ್ತು.

ಬದುವಿನ ಆಚೆ ಜಿಜಾಬಾಯಿಯ ಅರ್ಧ ಎಕರೆ. ಅವಳ ಜೋಳ ಸೊಂಟದವರೆಗೆ ಬಂದಿತ್ತು.

"ಒಂದೇ ಮಳಿ, ಒಂದೇ ಮಣ್ಣು. ಆಕಿದು ಯಾಕ ಹಂಗದ, ನಮ್ದು ಯಾಕ ಹಿಂಗದ?" ಎಂದ ಹಾವಗೆಪ್ಪ.

ಗುಂಡಮ್ಮನಿಗೆ ಬಿತ್ತನೆಯ ದಿನ ನೆನಪಾಯಿತು. ಜಿಜಾಬಾಯಿ ಒಬ್ಬಳೇ ಕುಣಿ ತೋಡಿ, ಬೀಜದ ಜೊತೆ ಚಿಟಿಕೆ ಚಿಟಿಕೆ ಅನ್ನ ಹಾಕುತ್ತಿದ್ದಳು. ಅನ್ನದ ಮೇಲೆ ತಿಳಿ ಗುಲಾಬಿ ಬೂಷ್ಟು ಕಟ್ಟಿತ್ತು. ಗುಂಡಮ್ಮ ಅದನ್ನು ಗಂಡನಿಗೆ ಹೇಳಿದಳು. ಸಂಜೆ ನೀರಿನ ಟ್ಯಾಂಕರಿನ ಸಾಲಿನಲ್ಲಿ ಮತ್ತಿಬ್ಬರಿಗೂ ಹೇಳಿದಳು. ಬೆಳಗಾಗುವುದರೊಳಗೆ ಆ ಮಾತಿಗೆ ರೆಕ್ಕೆಪುಕ್ಕ ಬಂದಿತ್ತು. ಪಕ್ಕದ ಹೊಲದ ಕಸುವು ಎಳೆದುಕೊಳ್ಳಲು ಜಿಜಾಬಾಯಿ ಅನ್ನ ಮಂತ್ರಿಸಿ ಹೂತಿದ್ದಾಳೆ, ಇದು ಭಾನಾಮತಿಯೇ!

ಮರುದಿನ ಟ್ಯಾಂಕರ್ ಬಂದಾಗ ಯಾರೋ ಜಿಜಾಬಾಯಿಯ ಕೊಡ ಒದ್ದರು.

"ಈ ಸಾಲಿನಾಗ ನಿಂದ್ರಬ್ಯಾಡ."

ಅವಳು ಖಾಲಿ ಕೊಡ ಎತ್ತಿಕೊಂಡು ಹೋಗುವಾಗ ಗುಂಡಮ್ಮ ನೆಲ ನೋಡುತ್ತ ನಿಂತಳು. ತನ್ನ ಕೊಡ ತುಂಬಿತು.

ಮಧ್ಯಾಹ್ನ ಹಾವಗೆಪ್ಪ ಏಳೆಂಟು ಮಂದಿಯನ್ನು ಕರೆದುಕೊಂಡು ಜಿಜಾಬಾಯಿಯ ಮನೆ ಮುಂದೆ ನಿಂತ. ಗುಂಡಮ್ಮನೂ ಹಿಂದೆಯೇ ಓಡಿದಳು. ಜಿಜಾಬಾಯಿ ತಾನಾಗಿಯೇ ಡಬ್ಬಿ ತಂದು ಮುಚ್ಚಳ ತೆಗೆದಳು. ಬಿತ್ತನೆಯಲ್ಲಿ ಉಳಿದ ಒಂದು ಹಿಡಿ ಅನ್ನ ಅದರಲ್ಲಿತ್ತು.

"ಮಂತ್ರ ಇಲ್ಲಂದ್ರ ನಮ್ಮೆದುರಿಗೆ ತಿಂದು ತೋರ್ಸು," ಎಂದ ಹಾವಗೆಪ್ಪ.

"ತಿನ್ನಂಗಿಲ್ರಿ ಅಣ್ಣಾ. ಇದು ಹೊಲಕ್ಕ ಹಾಕೋ ಬೂಷ್ಟು. ಮಕ್ಕಳ ಕೈಗಿ, ದನದ ಬಾಯಿಗಿ ಸಿಗಬಾರ್ದಂತ ಬೀದರದಾಗ ಕಲಿಸಿದವ್ರು ಹೇಳ್ಯಾರ್ರಿ."

"ನೋಡ್ರಪ್ಪಾ! ತಿನ್ನಲಿಕ್ಕ ಅಂಜ್ತಾಳ!"

ಗುಂಪು ಮುಂದೆ ನುಗ್ಗಿತು. ಡಬ್ಬಿ ಕೆಳಗೆ ಬಿತ್ತು. "ಇವತ್ತೇ ಊರು ಬಿಡು," ಎಂದು ಒಬ್ಬ ಕೂಗಿದ. ಇನ್ನೊಬ್ಬ ಕೈ ಎತ್ತಿದ.

"ನಿಂದರ್ರಿ!" ಗುಂಡಮ್ಮ ನಡುವೆ ಬಂದು ನಿಂತಳು. "ಈ ಮಾತು ಸುರು ಮಾಡಿದಾಕಿ ನಾ. ನಾ ಅನ್ನ ನೋಡೀನಿ, ಮಂತ್ರ ಕೇಳಿಲ್ಲ. ಜಿಜಾಬಾಯಿ, ನಮ್ಮ ಜ್ವಾಳಕ್ಕ ಏನಾಗ್ಯದ, ನೀನೇ ಬಂದು ತೋರ್ಸವ್ವಾ."

ಜಿಜಾಬಾಯಿ ಕಳೆ ಕೀಳುವ ಕುರ್ಪಿ ತೆಗೆದುಕೊಂಡು ಹೊಲದ ಕಡೆ ನಡೆದಳು. ಗುಂಪು ಹಿಂದೆ ಹೋಯಿತು.

ಹಾವಗೆಪ್ಪನ ಹೊಲದಲ್ಲಿ ಅವಳು ಒಂದು ಜೋಳದ ಬುಡವನ್ನು ಕಸದ ಸಮೇತ ಅಗೆದು ಎತ್ತಿ, ಅವನ ಕೈಗೇ ಕೊಟ್ಟಳು.

"ನೀವೇ ಮಣ್ಣು ಬಿಡಸ್ರಿ. ಎಳಿಬ್ಯಾಡ್ರಿ, ಮೆಲ್ಲಗ."

ಹಾವಗೆಪ್ಪ ಬೆರಳಿನಿಂದ ಮಣ್ಣು ಉದುರಿಸಿದ. ಕಸದ ಬೇರು ಮಣ್ಣಿಗೆ ಇಳಿದಿರಲಿಲ್ಲ. ಜೋಳದ ಬೇರಿಗೇ ಗಂಟು ಹಾಕಿಕೊಂಡು ಕಚ್ಚಿತ್ತು. ಅವನ ಕೈ ಅಲ್ಲೇ ನಿಂತಿತು.

"ನಿಮ್ಮ ಜ್ವಾಳದ ಕಸುವು ಎಳ್ಯೋದು ಇದೇರಿ," ಎಂದಳು ಜಿಜಾಬಾಯಿ. "ನೀರು, ಸತ್ವ ಎಲ್ಲಾ ಬೇರಿನಾಗಿಂದ ಹೀರ್ತದ. ಮ್ಯಾಲ ಕಾಣೋದ್ರೊಳಗ ಬೆಳಿ ಅರ್ಧ ಹೋಗಿರ್ತದ. ನಾವು ಮಳಿಗಿ ಬೈಕೋತ ಕೂಡ್ತೀವಿ."

ಆಮೇಲೆ ತನ್ನ ಹೊಲದಲ್ಲೂ ಅಗೆದಳು. ಅಲ್ಲಿಯೂ ಬೇರಿನ ಸುತ್ತ ಕಸದ ಮೊಳಕೆಗಳಿದ್ದವು. ಆದರೆ ಹೆಚ್ಚಿನವು ನೆಲದಡಿಯಲ್ಲೇ ಕಪ್ಪಾಗಿ ಕೊಳೆತಿದ್ದವು.

"ಈ ಬೂಷ್ಟು ಆ ಕಸಕ್ಕ ರೋಗ ಹಚ್ಚತದ, ಜ್ವಾಳದ ತಂಟೀಗಿ ಬರಂಗಿಲ್ಲ. ಬೀದರದಾಗ ಕಲಿಸಿದ ರಶೀದ ಅಹ್ಮದ ಸಾಹೇಬ್ರು ಬೇಸಾಯದ ತರಬೇತಿಯೊಳಗ ಪ್ರಯೋಗಕ್ಕಂತ ಕೊಟ್ಟಾರ. ಪೂರಾ ಹೋಗಿಲ್ರಿ, ಉಳಿದದ್ದು ಕೈಲೆ ಕಿತ್ತೀನಿ."

"ಹಂಗಾರ ಮನ್ಯಾಗಿನ ಹಳಸಿದ ಅನ್ನ ಹಾಕಿದ್ರ ನಡೀತದೇನು?" ಹಾವಗೆಪ್ಪನ ದನಿ ಇಳಿದಿತ್ತು.

"ಬ್ಯಾಡ್ರಿ ಅಣ್ಣಾ! ಬೂಷ್ಟಿನಾಗ ಬೆಳಿ ಕೊಲ್ಲೋದೂ ಇರ್ತದ, ಮಂದಿಗಿ ವಿಷ ಆಗೋದೂ ಇರ್ತದ. ತಿಳಿದವ್ರು ಕೊಟ್ಟಿದ್ದೇ ಹಾಕಬೇಕು, ಅದೂ ಬೀಜದ ಕೂಡ. ಈಗ ವ್ಯಾಳ್ಯಾ ಮೀರ್ಯದ. ಈಗ ಕೀಳೋದೊಂದೇ ದಾರಿ. ಹೂ ಬಿಟ್ಟದ, ಕಾಯಿ ಒಡೀತಂದ್ರ ಧೂಳಿನಂಥ ಬೀಜ ಸಾವಿರಗಟ್ಟಲೆ ಉದುರ್ತಾವ. ಮಣ್ಣಾಗ ಹತ್ತು ವರ್ಷದ ಮ್ಯಾಲೂ ಜೀವ ಹಿಡಕೊಂಡಿರ್ತಾವ."

ಹಾವಗೆಪ್ಪ ಅಲ್ಲೇ ಕೂತು ಕೀಳಲು ಶುರು ಮಾಡಿದ. ಗುಂಡಮ್ಮ ಸ್ವಸಹಾಯ ಸಂಘದ ಹೆಂಗಸರನ್ನು ಕರೆತಂದಳು. ಮೂರು ದಿನ ಬೆನ್ನೆತ್ತದೆ ಕಿತ್ತು, ಕಸವನ್ನೆಲ್ಲ ಗುಡ್ಡೆ ಹಾಕಿ ಸುಟ್ಟರು. ಅದರ ನಡುವೆಯೇ, ಮರುದಿನ ಬೆಳಿಗ್ಗೆ ಟ್ಯಾಂಕರಿನ ಮುಂದೆ ಎಲ್ಲರಿಗೂ ಕೇಳುವಂತೆ ಗುಂಡಮ್ಮ ಹೇಳಿದಳು: "ನಾ ತಿಳೀದೆ ಮಾತಾಡೀನಿ. ತಪ್ಪು ನಂದು." ಜಿಜಾಬಾಯಿ ಸಾಲಿಗೆ ಬಂದು ನಿಂತು ಕೊಡ ತುಂಬಿಸಿಕೊಂಡಳು. ಗುಂಡಮ್ಮನ ಜೊತೆ ಮೊದಲಿನ ಹಾಗೆ ಮಾತಾಡಲು ಅವಳಿಗೆ ದೀಪಾವಳಿಯವರೆಗೆ ಹಿಡಿಯಿತು.

ಆ ವರ್ಷ ಹಾವಗೆಪ್ಪನಿಗೆ ಬಂದದ್ದು ನಾಲ್ಕೇ ಚೀಲ. ಅವನೂ ಮೂರು ತಿಂಗಳು ಹೈದರಾಬಾದಿಗೆ ಹೋಗಿ ದುಡಿಯಬೇಕಾಯಿತು. ಆದರೆ ಮುಂದಿನ ಮುಂಗಾರಿಗೆ ಮೊದಲೇ ತಿರುಗಿ ಬಂದ. ಗುಂಡಮ್ಮ ಅಷ್ಟರಲ್ಲಿ ಬೀದರಿಗೆ ಹೋಗಿ ತರಬೇತಿ ಪಡೆದಿದ್ದಳು. ಒಂದು ಎಕರೆಗೆ ತೊಗರಿ, ಇನ್ನೊಂದಕ್ಕೆ ಜೋಳ. ಗಂಡ ಕುಣಿ ತೋಡಿದ, ಹೆಂಡತಿ ಜೋಳದ ಬೀಜದ ಜೊತೆ ತರಬೇತಿಯಿಂದ ತಂದ ಗುಲಾಬಿ ಅನ್ನ ಹಾಕುತ್ತ ಹೋದಳು. ಹಾದಿಯಲ್ಲಿ ಹೋಗುವವರು ನಿಂತು ನೋಡಿದರೆ, ಹಾವಗೆಪ್ಪನೇ ಕರೆದು ವಿವರಿಸುತ್ತಿದ್ದ.

ರೈತ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಜೋಳ ಕಾರಣವಿಲ್ಲದೆ ಬಾಡುತ್ತಿದ್ದರೆ ಒಂದು ಬುಡ ಅಗೆದು ಬೇರು ನೋಡಿ. ಕಸ ಕಚ್ಚಿದ್ದರೆ ಹೂವು ಕಾಯಾಗುವ ಮೊದಲೇ ಕಿತ್ತು ಸುಡಿ. ಮುಂದಿನ ಸಲ ಆ ಹೊಲಕ್ಕೆ ಜೋಳ ಬಿಟ್ಟು ತೊಗರಿಯನ್ನೋ ಅಲಸಂದೆಯನ್ನೋ ಹಾಕಿ ಬೆಳೆ ಬದಲಿಸಿ. ಕಸ ಕೊಲ್ಲುವ ಆ ಬೂಷ್ಟು, ಅಂದರೆ ಶಿಲೀಂಧ್ರ, ನಿಮ್ಮ ಭಾಗಕ್ಕೆ ಬಂದಿದೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ, ಅವರು ಹೇಳಿದಂತೆಯೇ ಬಳಸಿ. ತಿಳಿಯದ್ದನ್ನು ಕಂಡರೆ ಊರ ತುಂಬ ಹೇಳಬೇಡಿ. ಮೊದಲು ಅದನ್ನು ಮಾಡಿದವರನ್ನೇ ಕೇಳಿ.